ಕಿತ್ತು ನೆಟ್ಟ ಸಂಪಿಗೆ ಗಿಡ ಬಾಡುತ್ತಿದೆ, ಉಳಿಸಿಕೊಳ್ಳಲು ಏನು ಹಾಕಬೇಕು?

ಏನೂ ಹಾಕಬೇಡಿ. ಇವತ್ತಿನ ಮಟ್ಟಿಗೆ ನೀರು ಕೂಡ ಬೇಡ.

ಹಳೇ ಮನೆಯಿಂದ ತಂದ ಏಳಡಿ ಸಂಪಿಗೆ, ನೆಟ್ಟು ಮೂರು ವಾರ, ದಿನಾ ಎರಡು ಹೊತ್ತು ನೀರು ಹಾಕಿದರೂ ಎಲೆ ಜೋತುಬಿದ್ದಿದೆ, ಗೊಬ್ಬರ ಕೊಡಲಾ, ಬೇರು ಬರಿಸುವ ಹಾರ್ಮೋನ್ ಪುಡಿ ಹಾಕಲಾ ಅಂತ ಕೇಳಿದ್ದೀರಿ. ಓದುತ್ತಾ ನನಗೆ ನಮ್ಮ ಹಿತ್ತಲೇ ಕಣ್ಣ ಮುಂದೆ ಬಂತು.

2017ರ ಏಪ್ರಿಲ್. ಹಾಸನದ ಮನೆ ಮಾರಿ ಮೈಸೂರಿಗೆ ಬಂದೆವು. ಅಲ್ಲಿ ಅಪ್ಪ ನೆಟ್ಟಿದ್ದ ಸಂಪಿಗೆ ಇತ್ತು. ಎಂಟಡಿ ಎತ್ತರ, ಎರಡು ಇಂಚು ದಪ್ಪದ ಕಾಂಡ. ಅಪ್ಪ ತೀರಿಕೊಂಡ ವರ್ಷವೇ ಮೊದಲ ಹೂ ಬಿಟ್ಟಿತ್ತು. ಅಮ್ಮ ದಿನಾ ಒಂದು ಹೂವನ್ನು ಸ್ಟೀಲ್ ಲೋಟದ ನೀರಿನಲ್ಲಿ ಹಾಕಿ ಅಪ್ಪನ ಫೋಟೋ ಮುಂದೆ ಇಡುತ್ತಿದ್ದರು. ಮನೆ ಕೊಂಡವರು ಆ ಜಾಗದಲ್ಲಿ ಕಾರ್ ಶೆಡ್ ಮಾಡುತ್ತೇವೆ ಅಂದರು. ಬಿಟ್ಟು ಬರಲು ಮನಸ್ಸಾಗಲಿಲ್ಲ.

ಇಬ್ಬರು ಆಳುಗಳು ಅರ್ಧ ಗಂಟೆಯಲ್ಲಿ ಕಿತ್ತರು. ಬುಡದಲ್ಲಿ ಒಂದಡಿ ಅಗಲದ ಮಣ್ಣು ಉಳಿದಿತ್ತು, ಅಷ್ಟೇ. ಕಾಂಡದ ದಪ್ಪದ ಹತ್ತು ಪಟ್ಟಾದರೂ ಅಗಲಕ್ಕೆ ಮಣ್ಣಿನ ಸಮೇತ ಎತ್ತಬೇಕು. ಅಂದರೆ ನಮ್ಮ ಗಿಡಕ್ಕೆ 20 ಇಂಚು. ನೀರು ಹೀರುವ ಸಣ್ಣ ಬೇರುಗಳಲ್ಲಿ ಹೆಚ್ಚಿನವು ಹಾಸನದಲ್ಲೇ ಉಳಿದವು. ಅದು ಮೊದಲ ತಪ್ಪು. ಆದರೆ ಗಿಡವನ್ನು ಕೊಂದದ್ದು ಅದಲ್ಲ.

ಕೊಂದದ್ದು ನಾನು ಹಾಕಿದ ನೀರು. ಇದನ್ನು ಸ್ವಲ್ಪ ಬಿಡಿಸಿ ಹೇಳಬೇಕು, ಯಾಕೆಂದರೆ ನೀವೂ ಅದನ್ನೇ ಮಾಡುತ್ತಿದ್ದೀರಿ.

ಹೊಸ ಸೈಟಿನ ನೆಲ ಜೇಡಿ. ಮನೆ ಕಟ್ಟುವಾಗ ಲಾರಿ ಓಡಾಡಿ ಕಲ್ಲಿನಂತಾಗಿತ್ತು. ಅದರಲ್ಲಿ ಮೂರಡಿ ಉದ್ದ, ಅಗಲ, ಆಳದ ಗುಂಡಿ ತೋಡಿಸಿದೆ. ಒಳಗೆ ಮೆತ್ತಗಿನ ಕೆಮ್ಮಣ್ಣು, ಸಗಣಿ ಗೊಬ್ಬರ ತುಂಬಿಸಿ ಗಿಡ ನಿಲ್ಲಿಸಿದೆ. ಗಿಡಕ್ಕೆ ಒಳ್ಳೇ ಹಾಸಿಗೆ ಮಾಡಿಕೊಟ್ಟೆ ಅಂದುಕೊಂಡಿದ್ದೆ. ನಿಜಕ್ಕೂ ಆಗಿದ್ದು ಒಂದು ತೊಟ್ಟಿ. ಮೆತ್ತಗಿನ ಮಣ್ಣು ನೀರನ್ನು ಗಟಗಟ ಒಳಗೆ ಬಿಟ್ಟುಕೊಳ್ಳುತ್ತದೆ, ಸುತ್ತಲಿನ ಗಟ್ಟಿ ಜೇಡಿ ಹೊರಗೆ ಬಿಡುವುದಿಲ್ಲ. ಬೆಳಗ್ಗೆ ಎರಡು ಬಿಂದಿಗೆ, ಸಂಜೆ ಎರಡು ಬಿಂದಿಗೆ. ದಿನಕ್ಕೆ 40 ಲೀಟರ್, ಹದಿನೈದು ದಿನಕ್ಕೆ 600. ಎಲೆ ಬಾಡಿದಷ್ಟೂ ಜಾಸ್ತಿ ಹಾಕಿದೆ. ಮೇಲೆ ಮಣ್ಣು ಒಣಗಿದ ಹಾಗೆ ಕಾಣುತ್ತಿತ್ತು, ಅದನ್ನೇ ನಂಬಿದೆ. ಬೆರಳು ಹಾಕಿಯೂ ನೋಡಲಿಲ್ಲ.

ಒಣಗಿದ ಬೇರೂ ನೀರು ಎಳೆಯುವುದಿಲ್ಲ, ಕೊಳೆತ ಬೇರೂ ಎಳೆಯುವುದಿಲ್ಲ. ಎಲೆ ಎರಡಕ್ಕೂ ಒಂದೇ ಥರ ಬಾಡುತ್ತದೆ. ಬೇರಿಗೆ ಗಾಳಿ ಬೇಕು, ಮಣ್ಣಿನ ಸಂದಿಯಲ್ಲೆಲ್ಲ ನೀರೇ ತುಂಬಿದರೆ ಗಾಳಿ ಎಲ್ಲಿಂದ ಬರಬೇಕು? ಬಿಸಿಲಿಗೆ ಬಾಡಿದ ಗಿಡ ರಾತ್ರಿ ತಂಪಿಗೆ ಚೇತರಿಸಿಕೊಂಡು ಬೆಳಗ್ಗೆ ಎದ್ದಿರುತ್ತದೆ. ನಮ್ಮದು ಮುಂಜಾನೆ ಆರು ಗಂಟೆಗೂ ಜೋತೇ ಬಿದ್ದಿರುತ್ತಿತ್ತು. ಆ ಸುಳಿವು ನನಗೆ ಆಗ ತಿಳಿಯಲಿಲ್ಲ.

ಮೂರನೇ ವಾರ ಪಕ್ಕದ ಬೀದಿಗೆ ತೋಟದ ಕೆಲಸಕ್ಕೆ ಬರುತ್ತಿದ್ದ ಒಬ್ಬ ಅಜ್ಜನನ್ನು ಕರೆದೆ. ಅವರು ಗಿಡ ಮುಟ್ಟಲೇ ಇಲ್ಲ. ಬುಡದಿಂದ ಸ್ವಲ್ಪ ದೂರ ಹಾರೆಯಲ್ಲಿ ಸಣ್ಣ ಕುಣಿ ತೆಗೆದರು. ಎರಡಡಿ ಆಳಕ್ಕೆ ನೀರು ಜಿನುಗಿತು. ಚರಂಡಿ ವಾಸನೆ. ಒಂದು ಬೇರು ಕಿತ್ತು ನನ್ನ ಕೈಗೆ ಕೊಟ್ಟರು. ಎರಡು ಬೆರಳಲ್ಲಿ ಹಿಡಿದು ಎಳೆದರೆ ಕಪ್ಪು ಸಿಪ್ಪೆ ಕಳಚಿ ಕೈಯಲ್ಲೇ ಉಳಿಯಿತು, ಒಳಗಿನ ದಾರದಂಥ ನಾರು ಮಾತ್ರ ಜಾರಿಕೊಂಡು ಈಚೆ ಬಂತು. "ನೀರು ಸಾಲ್ದು ಅಂತಲ್ಲ ಕಣವ್ವ, ಉಸ್ರು ಕಟ್ಟೈತೆ" ಅಂದರು.

ನೀರು ತೋಡಿ ಹಾಕಿದೆವು, ನೆರಳಿಗೆ ಬಟ್ಟೆ ಕಟ್ಟಿದೆವು. ವಾರಕ್ಕೊಮ್ಮೆ ಉಗುರಿನಲ್ಲಿ ತೊಗಟೆ ಕೆರೆದು ನೋಡುತ್ತಿದ್ದೆ. ಮೊದಲು ಸೊಂಟದ ಎತ್ತರದವರೆಗೆ ಹಸಿರು, ಆಮೇಲೆ ಮೊಣಕಾಲಿನವರೆಗೆ. ಜೂನ್ ಕೊನೆಗೆ ಬುಡದವರೆಗೂ ಕಂದು. ಅಮ್ಮನಿಗೆ ಹೇಳಲು ನನಗೆ ಎರಡು ದಿನ ಬೇಕಾಯಿತು.

ಅದಕ್ಕೇ ಹೇಳುತ್ತಿದ್ದೇನೆ, ಇವತ್ತೇ ಆ ಅಜ್ಜನ ಥರ ಪಕ್ಕದಲ್ಲಿ ಒಂದು ಕುಣಿ ತೋಡಿ. ನೀರು ಕಂಡರೆ ಮಗ್ಗಿನಲ್ಲಿ ತೋಡಿ ಹಾಕುತ್ತಿರಿ, ಕುಣಿ ಮುಚ್ಚಬೇಡಿ. ನೆಲ ಇಳಿಜಾರಿದ್ದರೆ ಅಲ್ಲಿಂದ ಕಾಲುವೆ ತೆಗೆಯಿರಿ. ಗಿಡವನ್ನು ಮತ್ತೆ ಕಿತ್ತು ಬೇರೆ ಕಡೆ ನೆಡುವ ಯೋಚನೆ ಬಿಟ್ಟುಬಿಡಿ, ಉಳಿದಿರುವ ನಾಲ್ಕು ಬೇರೂ ಹೋಗುತ್ತವೆ. ಸಂಪಿಗೆ ಬೇರು ದಪ್ಪ, ಮೆತ್ತಗೆ, ಸುಮ್ನೆ ಅಲುಗಾಡಿಸಿದರೂ ಮುರಿಯುತ್ತದೆ. ಅರ್ಧದಷ್ಟು ಎಲೆ ಕತ್ತರಿಸಿ, ಸುಳಿ ಮುಟ್ಟಬೇಡಿ. ದೇವಕಣಗಿಲೆಯಾದರೆ ಎಲೆ ಉದುರಿಸಿ ಬರೀ ಕೊಂಬೆಯಾಗಿ ನಿಂತಾಗ ಎತ್ತಿ ನೆಡಬಹುದು. ಸಂಪಿಗೆ ವರ್ಷವಿಡೀ ಎಲೆ ಹೊತ್ತಿರುತ್ತದೆ, ಬೇರಿಲ್ಲದಿದ್ದರೂ ಆ ಎಲೆಗಳು ನೀರು ಬಿಡುತ್ತಲೇ ಇರುತ್ತವೆ. ಅರ್ಧ ನೆರಳು ಕೊಡಿ. ಇನ್ನು ಮೇಲೆ ಬೆರಳು ಎರಡು ಗೆಣ್ಣು ಒಳಗೆ ಹಾಕಿ ಒಣಗಿದೆ ಅನ್ನಿಸಿದರೆ ಮಾತ್ರ ನೀರು.

ಹಾರ್ಮೋನ್ ಪುಡಿ ಕಡ್ಡಿ ನೆಡುವವರಿಗೆ, ನಿಮಗಲ್ಲ. ಯೂರಿಯಾ ಅಂತೂ ಖಂಡಿತ ಬೇಡ. ನೊಂದ ಬೇರಿನ ಹತ್ತಿರ ಗೊಬ್ಬರದ ಉಪ್ಪಿನಂಶ ಜಾಸ್ತಿಯಾದರೆ ಇರುವ ನೀರನ್ನೂ ಅದೇ ಎಳೆದುಕೊಳ್ಳುತ್ತದೆ.

ಸಂಪಿಗೆಗೆ ನೀರು ಇಷ್ಟ ಅಲ್ವಾ ಅಂತ ಎಲ್ಲರೂ ಹೇಳುತ್ತಾರೆ. ನಿಜ. ಬಿಳಿಗಿರಿರಂಗನ ಬೆಟ್ಟದಲ್ಲಿ ಸೋಲಿಗರು ಪೂಜಿಸುವ ದೊಡ್ಡ ಸಂಪಿಗೆ ಮರ ಹಳ್ಳದ ಪಕ್ಕದಲ್ಲೇ ಇದೆ. ಆದರೆ ಅಲ್ಲಿ ನೀರು ಹರಿದು ಹೋಗುತ್ತದೆ, ನಿಲ್ಲುವುದಿಲ್ಲ.

ಆ ಜುಲೈನಲ್ಲಿ ಅದೇ ಜಾಗದಲ್ಲಿ ಒಂದಡಿ ಎತ್ತರದ ದಿಬ್ಬ ಮಾಡಿ, ಮೊಳದುದ್ದದ ಕಸಿ ಗಿಡ ನೆಟ್ಟೆ. ಮೂರನೇ ವರ್ಷ ಹೂ ಬಿಟ್ಟಿತು. ಅಮ್ಮ ಮತ್ತೆ ಲೋಟ ಹುಡುಕಿದರು.

ನಿಮ್ಮ ಗಿಡಕ್ಕೆ ಇನ್ನೂ ಮೂರೇ ವಾರ. ತೊಗಟೆ ಕೆರೆದು ನೋಡಿ, ಕುಣಿಯ ಮಣ್ಣು ಮೂಸಿ ನೋಡಿ, ಹೇಗಿದೆ ಅಂತ ಇಲ್ಲೇ ಬರೆಯಿರಿ.