ಡಿಗ್ರಿ ಸೇರಿದ ಮಕ್ಕಳು ಅರ್ಧಕ್ಕೇ ಕಾಲೇಜು ಬಿಡದಂತೆ ಬೆಂಗಳೂರಿನ ಕಾಲೇಜುಗಳು ಏನು ಮಾಡಬಹುದು?

ಮೊದಲ ಸೆಮಿಸ್ಟರ್ ಮೇಲೆ ಕಣ್ಣಿಡಿ. ಯಾರೂ ಒಂದೇ ದಿನ ಕಾಲೇಜು ಬಿಡುವುದಿಲ್ಲ. ಮೊದಲು ಹಾಜರಿ ಇಳಿಯುತ್ತದೆ, ಆಮೇಲೆ ಇಂಟರ್ನಲ್ಸ್ ತಪ್ಪುತ್ತದೆ, ಕೊನೆಗೆ ಪರೀಕ್ಷೆ ಫೀಸೇ ಕಟ್ಟುವುದಿಲ್ಲ. ಹಾಜರಿ ಇಳಿದ ವಾರವೇ ಮೇಷ್ಟ್ರು ಮನೆಗೊಂದು ಫೋನ್ ಮಾಡಬೇಕು. ಶಾರ್ಟೇಜ್ ಪಟ್ಟಿ ನೋಟಿಸ್ ಬೋರ್ಡಿಗೆ ಬರುವ ಹೊತ್ತಿಗೆ ಹುಡುಗ ಡೆಲಿವರಿ ಕೆಲಸಕ್ಕೆ ಸೇರಿರುತ್ತಾನೆ, ಅಲ್ವಾ?

ಕನ್ನಡ ಮಾಧ್ಯಮದಿಂದ ಬಂದವರು ದಡ್ಡರಲ್ಲ, ಇಂಗ್ಲಿಷ್ ಪಾಠಕ್ಕೆ ಹೆದರಿ ಸುಮ್ನೆ ಹಿಂದಿನ ಬೆಂಚಿಗೆ ಸರಿಯುತ್ತಾರೆ. ಶುರುವಿನ ಎರಡು ತಿಂಗಳು ಎರಡೂ ಭಾಷೆಯಲ್ಲಿ ಪಾಠ ಮಾಡಿದರೆ ಜಾಸ್ತಿ ಅನುಕೂಲ.

ದುಡ್ಡಿನ ವಿಷಯ: 2023ರ ಶಕ್ತಿ ಯೋಜನೆಯಿಂದ ಹುಡುಗಿಯರ ಬಸ್ ಖರ್ಚು ತಪ್ಪಿದೆ. ಹಾಸ್ಟೆಲ್ ಸಿಗದ ಹಿಂದುಳಿದ ವರ್ಗದವರಿಗೆ ಊಟ-ವಸತಿಗೆ ಸರ್ಕಾರ ದುಡ್ಡು ಕೊಡುವ ವಿದ್ಯಾಸಿರಿ ಯೋಜನೆ ಇದೆ. ಇಲ್ಲಿನ ಪಿಜಿ ಬಾಡಿಗೆಗೆ ಅದೆಲ್ಲಿ ಸಾಕು! ಆದರೂ ರಾಜ್ಯ ಸರ್ಕಾರದ ಸ್ಕಾಲರ್‌ಶಿಪ್ ಕೊಡುವ ಎಸ್‌ಎಸ್‌ಪಿ ಪೋರ್ಟಲ್‌ನ ಅರ್ಜಿಯನ್ನು ಕಾಲೇಜಲ್ಲೇ ಕೂರಿಸಿ ತುಂಬಿಸಿ.