ಒರೆಸುವ ಮುನ್ನ ಮೇಲಿರುವ ಪದರ ಯಾವುದೆಂದು ನೋಡಿ: ಮರ, ಸನ್ಮೈಕಾ ಪೀಠೋಪಕರಣಗಳ ಬಗ್ಗೆ ಓದುಗರ ಪ್ರಶ್ನೆಗಳು

ಪ್ರಶ್ನೆ: ತಾತನ ಕಾಲದ ತೇಗದ ಊಟದ ಮೇಜಿನ ಮೇಲೆ ಬಿಸಿ ಪಾತ್ರೆ ಇಟ್ಟಿದ್ದರಿಂದ ಬಿಳಿ ಉಂಗುರ ಮೂಡಿದೆ. ಹೂದಾನಿ ಇಡುತ್ತಿದ್ದ ಜಾಗದಲ್ಲಿ ಕಪ್ಪು ಕಲೆಯೂ ಇದೆ. ಎರಡೂ ಹೋಗುತ್ತವೆಯೇ? (ಮೈಸೂರಿನ ಓದುಗರು)

ಉತ್ತರ: ಬಿಳಿ ಉಂಗುರ ಬಹುತೇಕ ಹೋಗುತ್ತದೆ. ಕಪ್ಪು ಕಲೆ ಕಷ್ಟ. ಬಿಳಿ ಬಣ್ಣ ಕಾಣುವುದು ಪಾಲಿಶ್ ಪದರದೊಳಗೆ ತೇವ ಸಿಕ್ಕಿಕೊಂಡಿರುವುದರಿಂದ. ಕಪ್ಪಾಗಿದೆಯೆಂದರೆ ನೀರು ಪಾಲಿಶ್ ದಾಟಿ ಮರಕ್ಕೇ ಇಳಿದಿದೆ.

ಮೊದಲು ಪಾಲಿಶ್ ಯಾವುದೆಂದು ತಿಳಿಯಬೇಕು. ಅಷ್ಟು ಹಳೆಯ ಮೇಜಾದರೆ ಫ್ರೆಂಚ್ ಪಾಲಿಶ್ ಇರುವ ಸಾಧ್ಯತೆ ಹೆಚ್ಚು, ಅಂದರೆ ಅರಗನ್ನು ಸ್ಪಿರಿಟ್‌ನಲ್ಲಿ ಕರಗಿಸಿ ಬಟ್ಟೆಯುಂಡೆಯಿಂದ ಪದರದ ಮೇಲೆ ಪದರ ಸವರಿದ್ದು. ಮೇಜಿನ ಕಾಲಿನ ಒಳಬದಿಯಲ್ಲಿ, ಯಾರಿಗೂ ಕಾಣದ ಕಡೆ, ಹತ್ತಿಕಡ್ಡಿಯನ್ನು ಸ್ಪಿರಿಟ್‌ನಲ್ಲಿ ಅದ್ದಿ ಅರ್ಧ ನಿಮಿಷ ಉಜ್ಜಿ. ಪದರ ಅಂಟಂಟಾಗಿ ಹತ್ತಿಗೆ ಕಂದು ಹತ್ತಿದರೆ ಅದು ಅರಗು. ಸ್ಪಿರಿಟ್‌ಗೆ ಅಷ್ಟಾಗಿ ಜಗ್ಗದೆ ಥಿನ್ನರ್‌ಗೆ ಮೆತ್ತಗಾದರೆ ಲ್ಯಾಕರ್. ಎರಡಕ್ಕೂ ಏನೂ ಆಗದಿದ್ದರೆ ಮೆಲಮೈನ್ ಅಥವಾ ಪಿಯು (ಪಾಲಿಯುರೆಥೇನ್) ಎಂಬ ಗಟ್ಟಿ ರಾಳದ ಲೇಪ. ಈ ಒಂದು ಪರೀಕ್ಷೆ ಮಾಡದೆ ಯಾವ ದ್ರಾವಣವನ್ನೂ ಹಳೆಯ ಮರಕ್ಕೆ ತಾಗಿಸಬೇಡಿ. ಕೈಗೆ ಹಚ್ಚುವ ಸ್ಯಾನಿಟೈಸರ್‌ನಲ್ಲಿ ಇರುವುದೂ ಹೆಚ್ಚಾಗಿ ಆಲ್ಕೋಹಾಲೇ. ಅದರ ನಾಲ್ಕು ಹನಿ ಬಿದ್ದರೂ ಅರಗಿನ ಪಾಲಿಶ್ ಮೇಲೆ ಮಚ್ಚೆ ಏಳುತ್ತದೆ.

ಉಂಗುರ ಹೊಸದಾದರೆ ಎರಡು ದಿನ ಫ್ಯಾನ್ ಗಾಳಿಗೆ ಬಿಡಿ, ತಾನಾಗಿಯೇ ಮಾಯವಾಗುವುದುಂಟು. ಹೋಗದಿದ್ದರೆ ಹೇರ್ ಡ್ರೈಯರನ್ನು ಕಡಿಮೆ ಬಿಸಿಯಲ್ಲಿಟ್ಟು, ಸುಮಾರು 15 ಸೆಂ.ಮೀ. ದೂರದಿಂದ ಕೈ ಆಡಿಸುತ್ತ ಗಾಳಿ ಕೊಡಿ. ಮೇಲ್ಮೈ ಮುಟ್ಟಿದರೆ ಬೆಚ್ಚಗಿರಬೇಕು, ಸುಡಬಾರದು. ಇನ್ನೊಂದು ದಾರಿ ಇಸ್ತ್ರಿಪೆಟ್ಟಿಗೆ: ಉಗಿ ಇಲ್ಲದೆ, ಅತಿ ಕಡಿಮೆ ಬಿಸಿಯಲ್ಲಿ, ನಾಲ್ಕು ಮಡಿಕೆಯ ಒಣ ಹತ್ತಿಬಟ್ಟೆಯ ಮೇಲೆ 5 ಸೆಕೆಂಡು ಇಟ್ಟು, ಎತ್ತಿ, ನೋಡಿ, ಮತ್ತೆ ಇಡಿ. ಆತುರಪಟ್ಟು ಅರ್ಧ ನಿಮಿಷ ಒತ್ತಿಟ್ಟರೆ ಅರಗು ಕರಗಿ ಬಟ್ಟೆಯ ನೇಯ್ಗೆ ಅಚ್ಚೊತ್ತುತ್ತದೆ. ಕೊನೆಗೆ ಮಸುಕು ಉಳಿದರೆ ಜೆಲ್ ಅಲ್ಲದ ಬಿಳಿ ಟೂತ್‌ಪೇಸ್ಟ್ ಕಡಲೆಕಾಳಿನಷ್ಟು ತೆಗೆದುಕೊಂಡು, ಮೆತ್ತನೆಯ ಬಟ್ಟೆಯಲ್ಲಿ ಮರದ ಎಳೆಯ ಉದ್ದಕ್ಕೇ ಹಗುರವಾಗಿ ಉಜ್ಜಿ, ಒರೆಸಿಬಿಡಿ.

ಇನ್ನು ಕಪ್ಪು ಕಲೆ. ಹಿಂದೆ ಅಳಲೆಕಾಯಿ ಕಷಾಯಕ್ಕೆ ಕಬ್ಬಿಣ ಸೇರಿಸಿ ಶಾಯಿ ಮಾಡುತ್ತಿದ್ದರಲ್ಲ, ಇಲ್ಲಿ ನಡೆದಿರುವುದೂ ಅದೇ. ಮರದ ಒಗರು ಅಂಶವಾದ ಟ್ಯಾನಿನ್, ನೀರಿನಲ್ಲೋ ಲೋಹದ ಹೂದಾನಿಯ ತಳದಲ್ಲೋ ಇದ್ದ ಕಬ್ಬಿಣದೊಂದಿಗೆ ಸೇರಿ ಕಪ್ಪಾಗಿದೆ. ಸೋಪಿಗೆ ಇದು ಜಗ್ಗುವುದಿಲ್ಲ. ಆ ಹಲಗೆಯ ಪಾಲಿಶ್ ಪೂರ್ತಿ ತೆಗೆದು, 250 ಮಿ.ಲೀ. ಬಿಸಿನೀರಿಗೆ ಸುಮಾರು 25 ಗ್ರಾಂ ಆಕ್ಸಾಲಿಕ್ ಆಮ್ಲ ಕರಗಿಸಿ, ಕಲೆಯ ಮೇಲಷ್ಟೇ ಅಲ್ಲದೆ ಇಡೀ ಹಲಗೆಗೆ ಸವರಬೇಕು. ಕಲೆಗೆ ಮಾತ್ರ ಹಚ್ಚಿದರೆ ಅಲ್ಲೊಂದು ಬಿಳಿಚಿದ ತೇಪೆ ಉಳಿಯುತ್ತದೆ. ಒಣಗಿದ ಮೇಲೆ ಒದ್ದೆ ಬಟ್ಟೆಯಿಂದ ಮೂರು ಸಲ ಒರೆಸಿ, ಎರಡು ದಿನ ಆರಿಸಿ, ಆಮೇಲೆ ಹೊಸ ಪಾಲಿಶ್. ಆ ಆಮ್ಲ ವಿಷ. ಗಾಜಿನ ಅಥವಾ ಪ್ಲಾಸ್ಟಿಕ್ ಪಾತ್ರೆ, ಕೈಗವಸು, ಕನ್ನಡಕ, ಮಾಸ್ಕ್ ಬೇಕೇಬೇಕು. ಒಣಗಿದ ಪುಡಿಯೂ ಉಸಿರಿಗೆ ಕೆಟ್ಟದ್ದು. ಪುಟ್ಟ ಮಕ್ಕಳಿರುವ ಮನೆಯಲ್ಲಿ ಇದನ್ನು ಅನುಭವಿ ಪಾಲಿಶ್ ಕೆಲಸದವರಿಗೆ ಒಪ್ಪಿಸುವುದೇ ಸರಿ.

ಪ್ರಶ್ನೆ: ಹಬ್ಬಕ್ಕೊಮ್ಮೆ ಬೀಟೆ ಮರದ ಕಪಾಟು, ಕುರ್ಚಿಗಳಿಗೆ ಕೊಬ್ಬರಿ ಎಣ್ಣೆ ಸವರುವುದು ನಮ್ಮಲ್ಲಿ ರೂಢಿ. ಆದರೂ ಆಷಾಢ ಬಂತೆಂದರೆ ಬೂಷ್ಟು ಹಿಡಿಯುತ್ತದೆ. (ಸಾಗರದ ಓದುಗರು)

ಉತ್ತರ: ‘ಆದರೂ’ ಅಲ್ಲ, ಬಹುಮಟ್ಟಿಗೆ ಆ ಎಣ್ಣೆಯಿಂದಲೇ. ಅಗಸೆ ಎಣ್ಣೆ ಗಾಳಿಗೆ ಒಣಗಿ ಗಟ್ಟಿ ಪದರವಾಗುತ್ತದೆ. ಕೊಬ್ಬರಿ ಎಣ್ಣೆ ಎಷ್ಟು ದಿನವಾದರೂ ಒಣಗುವುದಿಲ್ಲ. ಎರಡು ದಿನ ಮರ ಮಿನುಗುತ್ತದೆ, ಆಮೇಲೆ ದೂಳು ಅಂಟಿ ಜಿಡ್ಡಾಗುತ್ತದೆ, ಕಮಟು ವಾಸನೆ ಬರುತ್ತದೆ. ಗಾಳಿಯ ತೇವಾಂಶ ವಾರಗಟ್ಟಲೆ ಶೇ 75 ದಾಟಿ ನಿಂತಾಗ ಬೂಷ್ಟು ಮೇಯುವುದು ಈ ಜಿಡ್ಡು, ದೂಳು, ಕೈಬೆವರನ್ನೇ.

ಬೂಷ್ಟನ್ನು ಒಣಬಟ್ಟೆಯಿಂದ ಕೊಡವಬೇಡಿ, ಬೀಜಕಣ ಮನೆಯೆಲ್ಲ ಹರಡುತ್ತದೆ. ಕಿಟಕಿ ತೆರೆದು, ಮಾಸ್ಕ್ ಕಟ್ಟಿಕೊಂಡು, ಬಿಳಿ ವಿನೆಗರ್ ಮತ್ತು ನೀರು ಸಮಸಮ ಬೆರೆಸಿ ಚೆನ್ನಾಗಿ ಹಿಂಡಿದ ಬಟ್ಟೆಯಿಂದ ಒರೆಸಿ. ಕೂಡಲೇ ಬರೀ ನೀರಿನ ಬಟ್ಟೆ, ಅದರ ಹಿಂದೆಯೇ ಒಣಬಟ್ಟೆ. ಮಾರನೆಯ ದಿನ ಹಳೆಯ ಎಣ್ಣೆ ತೆಗೆಯಲು ಟರ್ಪೆಂಟೈನ್ ಹಾಕಿದ ಬಟ್ಟೆ ಬಳಸಿ. ಬಟ್ಟೆಗೆ ಕಪ್ಪು ಬರುವುದು ನಿಲ್ಲುವವರೆಗೆ ಬಟ್ಟೆಯ ಮಗ್ಗುಲು ಬದಲಿಸುತ್ತಿರಿ. ಅರಗಿನ ಪಾಲಿಶ್‌ಗೆ ಟರ್ಪೆಂಟೈನ್ ಹಾನಿ ಮಾಡುವುದಿಲ್ಲ.

ಆ ಮೇಲೆ ಬೇಕಾದದ್ದು ಎಣ್ಣೆಯಲ್ಲ, ಮೇಣ. 50 ಗ್ರಾಂ ಜೇನುಮೇಣವನ್ನು ಕುದಿನೀರಿನ ಪಾತ್ರೆಯೊಳಗೆ ಇನ್ನೊಂದು ಪಾತ್ರೆ ಇಟ್ಟು ಕರಗಿಸಿ. ಒಲೆ ಆರಿಸಿ, ಪಾತ್ರೆಯನ್ನು ಅಡುಗೆಮನೆಯಿಂದ ಹೊರಗೆ ತಂದು, 150 ಮಿ.ಲೀ. ಟರ್ಪೆಂಟೈನ್ ಕಲಸಿ. ಟರ್ಪೆಂಟೈನ್ ಆವಿಗೆ ಬೇಗ ಬೆಂಕಿ ಹತ್ತುತ್ತದೆ, ಒಲೆಯ ಹತ್ತಿರ ಈ ಕೆಲಸ ಸಲ್ಲದು. ತಣ್ಣಗಾದಾಗ ಬೆಣ್ಣೆಯಂತಾಗುತ್ತದೆ. ತೆಳ್ಳಗೆ ಹಚ್ಚಿ, ಅರ್ಧ ಗಂಟೆ ಬಿಟ್ಟು, ಹಳೆಯ ಹತ್ತಿಸೀರೆಯ ತುಂಡಿನಿಂದ ತಿಕ್ಕಿ. ವರ್ಷಕ್ಕೆ ಎರಡು ಸಲ, ಮಳೆ ಹಿಡಿಯುವ ಮೊದಲೊಮ್ಮೆ, ಬಿಟ್ಟ ಮೇಲೊಮ್ಮೆ, ಸಾಕು. ಸಿಲಿಕೋನ್ ಇರುವ ಹೊಳಪಿನ ಸ್ಪ್ರೇಗಳನ್ನು ಇಂಥ ಮರಕ್ಕೆ ಹೊಡೆಯಲೇಬೇಡಿ. ಮುಂದೆ ಪಾಲಿಶ್ ಮಾಡಿಸುವಾಗ ಅದು ಹಿಡಿಯದೆ ಅಲ್ಲಲ್ಲಿ ಗುಂಡುಗುಂಡಾಗಿ ಸರಿದು ನಿಲ್ಲುತ್ತದೆ.

ಕಪಾಟನ್ನು ಗೋಡೆಯಿಂದ ಮೂರು ಇಂಚು ಮುಂದೆ ಎಳೆದಿಡಿ. ಒಳಗೆ ಕರ್ಪೂರ, ನುಸಿಗುಳಿಗೆ ಇಟ್ಟರೆ ತೇವ ಹೀರುವುದಿಲ್ಲ. ಅದಕ್ಕೆ ಕ್ಯಾಲ್ಸಿಯಂ ಕ್ಲೋರೈಡ್ ಇರುವ ತೇವ ಹೀರುವ ಡಬ್ಬಿ ಬೇಕು.

ಪ್ರಶ್ನೆ: ಅಡುಗೆಮನೆಯ ಸನ್ಮೈಕಾ ಬಾಗಿಲುಗಳು ಜಿಗುಟಾಗಿವೆ, ಅರಿಶಿನದ ಕಲೆ ಬೇರೆ. ಮರದ ಪಾಲಿಶ್ ಹಚ್ಚಬಹುದೇ? (ಬೆಂಗಳೂರಿನ ಓದುಗರು)

ಉತ್ತರ: ಬೇಡ. ಸನ್ಮೈಕಾ ಎಂದರೆ ರಾಳದಲ್ಲಿ ನೆನೆಸಿ ಒತ್ತಿದ ಕಾಗದದ ಪದರಗಳು, ಒಟ್ಟು ದಪ್ಪ ಸಾಮಾನ್ಯವಾಗಿ 0.8 ಅಥವಾ 1 ಮಿ.ಮೀ. ಕಾಣುವ ಮರದ ಎಳೆ ಮುದ್ರಿಸಿದ್ದು. ಮೇಲಿನ ಮೆಲಮೈನ್ ಪದರ ಏನನ್ನೂ ಹೀರುವುದಿಲ್ಲವಾದ್ದರಿಂದ ಪಾಲಿಶ್ ಮೇಲೇ ಕೂತು ಇನ್ನಷ್ಟು ಜಿಗುಟಾಗುತ್ತದೆ.

ಒಂದು ಲೀಟರ್ ಬೆಚ್ಚನೆಯ ನೀರಿಗೆ ಪಾತ್ರೆ ತೊಳೆಯುವ ಲಿಕ್ವಿಡ್ ಒಂದು ಚಮಚ ಹಾಕಿ, ಬಟ್ಟೆ ಹಿಂಡಿ ಸವರಿ, ಐದು ನಿಮಿಷ ಬಿಟ್ಟು ಒರೆಸಿ. ಹಿಡಿಕೆಯ ಸುತ್ತಲಿನ ಗಟ್ಟಿ ಜಿಡ್ಡಿಗೆ ಅಡುಗೆ ಸೋಡಾವನ್ನು ನೀರಿನಲ್ಲಿ ಕಲಸಿ ಬೆರಳಿಂದ ತಿಕ್ಕಿ. ಹಸಿರು ಸ್ಕ್ರಬ್ಬರ್ ಬೇಡ, ಹೊಳಪಿನದ್ದಕ್ಕೆ ಗೀರು, ಮ್ಯಾಟ್‌ನದ್ದಕ್ಕೆ ಹೊಳೆಯುವ ತೇಪೆ, ಎರಡೂ ಶಾಶ್ವತ. ಅರಿಶಿನವನ್ನು ಸೋಪು ಹಾಕುವ ಮೊದಲೇ ಸ್ಪಿರಿಟ್ ಹತ್ತಿಯಿಂದ ಎತ್ತಿ, ಅದು ಆಲ್ಕೋಹಾಲ್‌ನಲ್ಲಿ ಕರಗುತ್ತದೆ. ಸೋಡಾ ತಾಗಿ ಕಲೆ ಕೆಂಪಾದರೆ ಗಾಬರಿ ಬೇಡ, ಸುಣ್ಣ ಬಿದ್ದ ಓಕುಳಿ ನೀರು ಕೆಂಪಾದ ಹಾಗೆಯೇ ಅದು. ಉಳಿದ ಹಳದಿ ಬಿಸಿಲು ಬೀಳುವ ಕಡೆಯಾದರೆ ಕೆಲವು ದಿನಗಳಲ್ಲಿ ಮಾಸುತ್ತದೆ.

ನಿಮ್ಮ ನಿಜವಾದ ಶತ್ರು ಅಂಚಿನಲ್ಲಿ ಇಳಿಯುವ ನೀರು. ಒಳಗಿರುವುದು ಮರದ ನಾರು, ಚೂರುಗಳನ್ನು ಅಂಟಿನಿಂದ ಒತ್ತಿ ಮಾಡಿದ ಎಂಡಿಎಫ್ ಅಥವಾ ಪಾರ್ಟಿಕಲ್ ಬೋರ್ಡ್ ಆದರೆ ಒಮ್ಮೆ ಉಬ್ಬಿದ್ದು ಮತ್ತೆ ಇಳಿಯುವುದಿಲ್ಲ. ನೀರನ್ನು ಬಾಗಿಲಿಗೆ ನೇರ ಚಿಮುಕಿಸದೆ ಬಟ್ಟೆಗೇ ಹಾಕಿ. ಸಿಂಕ್ ಕೆಳಗಿನ ಬಾಗಿಲುಗಳ ಅಂಚನ್ನು ತಿಂಗಳಿಗೊಮ್ಮೆ ಉಗುರಿಂದ ಸವರಿ ನೋಡಿ.

ಪ್ರಶ್ನೆ: ಕಂಪ್ಯೂಟರ್ ಮೇಜಿನ ಅಂಚಿನ ಪಟ್ಟಿ ಬಿಟ್ಟುಕೊಂಡಿದೆ. (ಧಾರವಾಡದ ಓದುಗರು)

ಉತ್ತರ: ಪಟ್ಟಿಯ ಹಿಂದೆ ಹಳೆಯ ಅಂಟು ಉಳಿದಿದ್ದರೆ ಅದನ್ನೇ ಕರಗಿಸಿ ಕೂರಿಸಬಹುದು. ಒಳಗಿನ ದೂಳನ್ನು ಒಣ ಬ್ರಷ್‌ನಿಂದ ತೆಗೆದು, ಪಟ್ಟಿಯ ಮೇಲೆ ಬೇಕಿಂಗ್ ಕಾಗದ ಇಟ್ಟು, ಇಸ್ತ್ರಿಪೆಟ್ಟಿಗೆಯನ್ನು ಕಡಿಮೆ ಬಿಸಿಯಲ್ಲಿ 10 ಸೆಕೆಂಡು ಆಡಿಸಿ. ತಕ್ಷಣ ಮರದ ತುಂಡಿನಿಂದ ಒತ್ತಿ, ಪೂರ್ತಿ ತಣ್ಣಗಾಗುವ ತನಕ ಕೈ ತೆಗೆಯಬೇಡಿ. ಪಟ್ಟಿ ಪಿವಿಸಿಯದಾದರೆ ಹೆಚ್ಚು ಬಿಸಿಗೆ ಮುರುಟುತ್ತದೆ, ಹಾಗಾಗಿ ಸಣ್ಣ ಸಣ್ಣ ಸರದಿಯಲ್ಲೇ ಮಾಡಿ. ಅಂಟು ಪುಡಿಯಾಗಿ ಉದುರಿದ್ದರೆ ಕೆರೆದು, ಎರಡೂ ಬದಿಗೆ ಸಂಪರ್ಕ ಅಂಟು (ಕಾಂಟ್ಯಾಕ್ಟ್ ಅಡ್ಹೆಸಿವ್) ತೆಳ್ಳಗೆ ಹಚ್ಚಿ, ಮುಟ್ಟಿದರೆ ಕೈಗೆ ಹತ್ತದಷ್ಟು ಆರಿದ ಮೇಲೆ ಸರಿಯಾಗಿ ಹೊಂದಿಸಿ ಒತ್ತಿ. ಒಮ್ಮೆ ಅಂಟಿದರೆ ಜರುಗಿಸಲು ಬರುವುದಿಲ್ಲ.