ಏಜೆನ್ಸಿ ಬದಲಾಯಿತು, ನಮ್ಮ ಲೆಕ್ಕ ಏನಾಯಿತು?

ಏಪ್ರಿಲ್ ಆಸುಪಾಸಿನಲ್ಲಿ ಹೊರಗುತ್ತಿಗೆ ಟೆಂಡರುಗಳೂ ಕೆಲಸಗಾರರನ್ನು ಒದಗಿಸುವ ಏಜೆನ್ಸಿಗಳೂ ಬದಲಾಗುತ್ತವೆ. ಆಗ ಕೊಡಗಿನ ಎಲ್ಲ ತಾಲ್ಲೂಕುಗಳಿಂದಲೂ ಒಂದೇ ಬಗೆಯ ಪತ್ರಗಳು ಬರುತ್ತವೆ. ಈ ಸಲ ಐದನ್ನು ಆಯ್ದು ಉತ್ತರಿಸಿದ್ದೇವೆ. ಬರೆದವರ ಹೆಸರನ್ನೂ ಅವರು ದೂರಿದ ಸಂಸ್ಥೆಗಳ ಹೆಸರನ್ನೂ ಬಿಟ್ಟಿದ್ದೇವೆ.

ಸರ್ಕಾರಿ ಕಟ್ಟಡವೊಂದರಲ್ಲಿ ಸ್ವಚ್ಛತಾ ಕೆಲಸ ಮಾಡುತ್ತೇನೆ. ಹಳೆ ಏಜೆನ್ಸಿ ಮಾರ್ಚ್ ತಿಂಗಳ ಸಂಬಳ ಕೊಡದೆ ಹೋಯಿತು, ಫೋನ್ ಎತ್ತುತ್ತಿಲ್ಲ. ಹೊಸ ಏಜೆನ್ಸಿಯವರು ‘ಅದು ನಮಗೆ ಸಂಬಂಧವಿಲ್ಲ’ ಅನ್ನುತ್ತಾರೆ. ಕಚೇರಿಯವರೂ ಅದನ್ನೇ ಹೇಳುತ್ತಾರೆ. ಯಾರನ್ನು ಕೇಳಲಿ? — ಮಡಿಕೇರಿ

ಹೊಸ ಏಜೆನ್ಸಿ ಹೇಳಿದ್ದು ಸರಿ. ಕಚೇರಿ ಹೇಳಿದ್ದು ತಪ್ಪು. ಗುತ್ತಿಗೆದಾರ ಸಂಬಳ ಕೊಡದಿದ್ದರೆ ಕೆಲಸ ಮಾಡಿಸಿಕೊಂಡ ಸಂಸ್ಥೆಯೇ ಕೊಟ್ಟು, ಆಮೇಲೆ ಗುತ್ತಿಗೆದಾರನ ಬಿಲ್ಲಿನಲ್ಲಿ ಮುರಿದುಕೊಳ್ಳಬೇಕು. 1970ರ ಗುತ್ತಿಗೆ ಕಾರ್ಮಿಕ ಕಾಯ್ದೆಯಲ್ಲಿ ಇದೇ ಇತ್ತು. 2025ರ ನವೆಂಬರ್ 21ರಂದು ಜಾರಿಗೆ ಬಂದ ಕಾರ್ಮಿಕ ಸಂಹಿತೆಗಳಲ್ಲೂ ಇದೇ ಇದೆ. ಕೆಲಸ ಬಿಟ್ಟರೂ ಬಿಡಿಸಿದರೂ ಬಾಕಿ ಸಂಬಳವನ್ನು ಎರಡು ಕೆಲಸದ ದಿನಗಳೊಳಗೆ ಕೊಡಬೇಕೆಂಬುದು ವೇತನ ಸಂಹಿತೆಯ ಮಾತು.

ಆದರೆ ಕಾನೂನಿಗಿಂತ ಇಲ್ಲಿ ಸಮಯ ಮುಖ್ಯ. ಊರಿಗೆ ಬಂದವಳು ನೀರಿಗೆ ಬಾರದಿರುವಳೇ? ನಿಮ್ಮ ಫೋನ್ ಎತ್ತದ ಏಜೆನ್ಸಿ ತನ್ನ ಕೊನೆಯ ಬಿಲ್ಲಿಗೂ ಭದ್ರತಾ ಠೇವಣಿಗೂ ಅದೇ ಕಚೇರಿಯ ಮೆಟ್ಟಿಲು ಹತ್ತಲೇಬೇಕು. ಅವೆರಡೂ ಪಾಸಾಗುವ ಮೊದಲು ನಿಮ್ಮ ಅರ್ಜಿ ಆ ಕಡತ ಸೇರಿರಬೇಕು. ಪಾಸಾದ ಮೇಲೆ ಹಕ್ಕು ಉಳಿಯುತ್ತದೆ, ಹಣ ವಸೂಲಿ ಮಾತ್ರ ಬಲು ಕಷ್ಟ.

ಅರ್ಜಿಯನ್ನು ಎಲ್ಲರೂ ಸೇರಿ ಒಂದೇ ಹಾಳೆಯಲ್ಲಿ ಬರೆಯಿರಿ: ಹೆಸರು, ಯುಎಎನ್ (ಭವಿಷ್ಯ ನಿಧಿ, ಅಂದರೆ ಪಿಎಫ್‌ನ ಖಾತೆ ಸಂಖ್ಯೆ), ಮಾರ್ಚ್‌ನಲ್ಲಿ ಕೆಲಸ ಮಾಡಿದ ದಿನಗಳು, ಬರಬೇಕಾದ ಮೊತ್ತ. ‘ಬಾಕಿ ತೀರುವವರೆಗೆ ಅಂತಿಮ ಬಿಲ್ ಹಾಗೂ ಠೇವಣಿ ಬಿಡುಗಡೆ ಮಾಡಬಾರದು’ ಎಂಬ ಸಾಲು ಇರಲೇಬೇಕು. ಟಪಾಲು ವಿಭಾಗದಲ್ಲಿ ಕೊಟ್ಟು ನಿಮ್ಮ ಪ್ರತಿಯ ಮೇಲೆ ದಿನಾಂಕದ ಮೊಹರು ಹಾಕಿಸಿಕೊಳ್ಳಿ. ಬಾಯಿಮಾತಿನಲ್ಲಿ ಸಾಹೇಬರಿಗೆ ಹೇಳಿದ್ದಕ್ಕೆ ನಾಳೆ ಸಾಕ್ಷಿ ಇರುವುದಿಲ್ಲ. ಇನ್ನೊಂದು ಪ್ರತಿ ಕಾರ್ಮಿಕ ಇಲಾಖೆಗೆ ಹೋಗಲಿ, ಸಹಾಯವಾಣಿ 155214. ಹಾಜರಿ ಪುಸ್ತಕದ ಮಾರ್ಚ್ ಪುಟದ ಫೋಟೊ ಇವತ್ತೇ ತೆಗೆದಿಡಿ. ಹಳೆ ಮೇಲ್ವಿಚಾರಕನ ಜೊತೆ ಹಾಜರಿ ಪುಸ್ತಕವೂ ಮಾಯವಾಗುವುದು ಹೊಸದೇನಲ್ಲ. ಇಲಾಖೆ ಮೌನವಾಗಿದ್ದರೆ, ಏಜೆನ್ಸಿ ಸಲ್ಲಿಸಿದ ಬಿಲ್ ಮತ್ತು ಪಿಎಫ್ ಚಲನ್‌ಗಳ ಪ್ರತಿಯನ್ನು 10 ರೂಪಾಯಿ ಶುಲ್ಕ ಕಟ್ಟಿ ಮಾಹಿತಿ ಹಕ್ಕಿನಡಿ ನಿಮ್ಮ ಕಚೇರಿಯನ್ನೇ ಕೇಳಿ. 30 ದಿನದಲ್ಲಿ ಉತ್ತರ ಬರಬೇಕು.

ಇನ್ನೊಂದು ಎಚ್ಚರಿಕೆ. ಬಾಕಿ ಕೊಡುವಾಗ ‘ಸ್ವಇಚ್ಛೆಯಿಂದ ರಾಜೀನಾಮೆ, ಎಲ್ಲ ಬಾಕಿ ಸಂದಾಯವಾಗಿದೆ’ ಎಂಬ ಅಚ್ಚು ಹಾಳೆಗೆ ಸಹಿ ಕೇಳುವ ರೂಢಿ ಇದೆ. ನೀವು ರಾಜೀನಾಮೆ ಕೊಟ್ಟಿಲ್ಲ, ಅವರ ಗುತ್ತಿಗೆ ಮುಗಿದಿದೆ. ಬಂದ ಹಣ ಎಷ್ಟು, ಯಾವ ತಿಂಗಳದ್ದು ಎಂದಷ್ಟೇ ಬರೆದು ಸಹಿ ಹಾಕಿ. ರಾಜೀನಾಮೆ ಎಂದು ಬರೆದುಕೊಟ್ಟರೆ ಪರಿಹಾರ ಕೇಳುವ ದಾರಿಯನ್ನು ನೀವೇ ಮುಚ್ಚಿದ ಹಾಗೆ. ಹೋಗುವ ಏಜೆನ್ಸಿಯಿಂದ ಅನುಭವ ಪತ್ರ ಕೇಳಿ ಪಡೆಯಿರಿ, ಕೇಳಿದರೆ ಕೊಡಲೇಬೇಕು. ಬರುವ ಏಜೆನ್ಸಿ ‘ಸೇರ್ಪಡೆ ಶುಲ್ಕ’ ಎಂದು ಕೈಚಾಚಿದರೆ ಒಂದು ಪೈಸೆಯನ್ನೂ ಕೊಡಬೇಡಿ. ಕಾರ್ಮಿಕರಿಂದ ಶುಲ್ಕವನ್ನಾಗಲಿ ಕಮಿಷನ್ನನ್ನಾಗಲಿ ತೆಗೆದುಕೊಳ್ಳುವುದು ನಿಷಿದ್ಧ.

ಕಾಫಿ ಕ್ಯೂರಿಂಗ್ ವರ್ಕ್ಸ್‌ನಲ್ಲಿ ಬೀಜ ಆರಿಸುವ ಕೆಲಸ. ಮೂರು ಏಜೆನ್ಸಿ ಬದಲಾಗಿವೆ. ಪ್ರತಿಸಲವೂ ಪಿಎಫ್ ತೆಗೆದುಕೊಂಡುಬಿಡಿ ಎನ್ನುತ್ತಾರೆ. ಇಎಸ್‌ಐ (ನೌಕರರ ರಾಜ್ಯ ವಿಮೆ) ಕಾರ್ಡ್ ಕೂಡ ಹೊಸದು ಮಾಡಿಸಿದ್ದಾರೆ. ಇದು ಸರಿಯೇ? — ಕುಶಾಲನಗರ

ಎರಡೂ ತಪ್ಪು. ಯುಎಎನ್ ಜೀವಮಾನಕ್ಕೆ ಒಂದೇ. ಅದರೊಳಗೆ ಪ್ರತಿ ಏಜೆನ್ಸಿಗೂ ಬೇರೆ ಸದಸ್ಯ ಸಂಖ್ಯೆ ಹುಟ್ಟುತ್ತದೆ, ಅಷ್ಟೇ. ಹಳೆಯದರಲ್ಲಿರುವ ಹಣವನ್ನು ಹೊಸದಕ್ಕೆ ವರ್ಗಾಯಿಸಬೇಕು, ತೆಗೆಯಬಾರದು. ಏಕೆಂದರೆ ಪಿಂಚಣಿಗೆ ಒಟ್ಟು 10 ವರ್ಷದ ಸೇವೆ ಬೇಕು. ನಾಲ್ಕು, ಮೂರು, ನಾಲ್ಕು ವರ್ಷ ಎಂದು ಮೂರು ಏಜೆನ್ಸಿಗಳಲ್ಲಿ ದುಡಿದವರಿಗೆ 11 ವರ್ಷವಾಗುತ್ತದೆ. ಪಿಂಚಣಿಗೆ ಲೆಕ್ಕ ಹಿಡಿಯುವ ಸಂಬಳ 15,000 ಇದ್ದರೆ ಅದನ್ನು 11ರಿಂದ ಗುಣಿಸಿ 70ರಿಂದ ಭಾಗಿಸಿ: 58ನೇ ವಯಸ್ಸಿಗೆ ತಿಂಗಳಿಗೆ ಸುಮಾರು 2,357 ರೂಪಾಯಿ. ಪ್ರತಿಸಲ ಪಿಂಚಣಿ ಪಾಲನ್ನೂ ತೆಗೆದುಕೊಂಡವರ ಸೇವೆ ಮತ್ತೆ ಸೊನ್ನೆಯಿಂದ ಶುರುವಾಗುತ್ತದೆ. ಮರುದಿನವೇ ಹೊಸ ಏಜೆನ್ಸಿಯಲ್ಲಿ ಕೆಲಸಕ್ಕಿದ್ದು ‘ನಿರುದ್ಯೋಗಿ’ ಎಂದು ಬರೆದು ಹಣ ತೆಗೆಯುವುದು ಸುಳ್ಳು ಹೇಳಿಕೆಯೂ ಆಗುತ್ತದೆ.

ವರ್ಗಾವಣೆ ನಿಲ್ಲುವುದು ಸಾಮಾನ್ಯವಾಗಿ ಎರಡು ಕಡೆ. ಮೊದಲನೆಯದು, ಹಳೆ ಏಜೆನ್ಸಿ ಕೆಲಸ ಬಿಟ್ಟ ದಿನಾಂಕವನ್ನೇ ನಮೂದಿಸಿರುವುದಿಲ್ಲ. ಕೊನೆಯ ವಂತಿಗೆ ಬಿದ್ದು ಎರಡು ತಿಂಗಳಾದ ಮೇಲೆ ಪಿಎಫ್ ಪೋರ್ಟಲ್‌ನಲ್ಲಿ ನೀವೇ ನಮೂದಿಸಬಹುದು. ಎರಡನೆಯದು, ಹೆಸರು. ಆಧಾರ್‌ನಲ್ಲಿ ಒಂದು ಬಗೆ, ಏಜೆನ್ಸಿಯ ದಾಖಲೆಯಲ್ಲಿ ಇನ್ನೊಂದು ಬಗೆ. ನಮ್ಮ ಕಡೆ ಮನೆತನದ ಹೆಸರು ಒಮ್ಮೆ ಮುಂದೆ, ಒಮ್ಮೆ ಹಿಂದೆ ಬರುವುದರಿಂದ ಈ ತೊಡಕು ಹೆಚ್ಚು. ಹೊಸ ಏಜೆನ್ಸಿಯ ಅರ್ಜಿ ತುಂಬುವ ದಿನವೇ ಆಧಾರ್ ಎದುರಿಗಿಟ್ಟು ಅಕ್ಷರ ಅಕ್ಷರ ನೋಡಿ.

ಇಎಸ್‌ಐ ವಿಮಾ ಸಂಖ್ಯೆಯೂ ಬದಲಾಗಬಾರದು. ಕಾಯಿಲೆ ಭತ್ಯೆ ಬೇಕಾದರೆ ಏಪ್ರಿಲ್–ಸೆಪ್ಟೆಂಬರ್ ಅಥವಾ ಅಕ್ಟೋಬರ್–ಮಾರ್ಚ್ ಅವಧಿಯಲ್ಲಿ 78 ದಿನದ ವಂತಿಗೆ ಬಿದ್ದಿರಬೇಕು. ಹಳೆ ಸಂಖ್ಯೆಯಲ್ಲಿ 72 ದಿನ, ಹೊಸದರಲ್ಲಿ 70 ದಿನ ಎಂದುಕೊಳ್ಳಿ. ಕೂಡಿದರೆ 142, ಬಿಡಿಬಿಡಿಯಾಗಿ ಎರಡೂ ಸಾಲದು. ಹೆರಿಗೆ ಭತ್ಯೆಯ ಲೆಕ್ಕವೂ ಹೀಗೇ ಎಡವುತ್ತದೆ. ಎರಡೂ ಸಂಖ್ಯೆಗಳನ್ನು ಬರೆದು, ಒಂದುಗೂಡಿಸಿಕೊಡಿ ಎಂದು ಇಎಸ್‌ಐ ಶಾಖಾ ಕಚೇರಿಗೆ ಅರ್ಜಿ ಹಾಕಿ. ಕಾಯಿಲೆ ಬೀಳುವ ತನಕ ಕಾಯಬೇಡಿ.

ಸಂಬಳ ಚೀಟಿಯನ್ನೂ ಒಮ್ಮೆ ಓದಿ. 15,000 ಸಂಬಳಕ್ಕೆ ನಿಮ್ಮಿಂದ ಮುರಿಯಬೇಕಾದ್ದು ಪಿಎಫ್ 1,800, ಇಎಸ್‌ಐ 113. ಅದಕ್ಕಿಂತ ಹೆಚ್ಚು ಮುರಿದಿದ್ದರೆ ಏಜೆನ್ಸಿ ತನ್ನ ಪಾಲನ್ನೂ ನಿಮ್ಮ ಕಿಸೆಯಿಂದಲೇ ಕಟ್ಟುತ್ತಿದೆಯೇ ಎಂದು ಕೇಳಿ. ಪ್ರತಿ ತಿಂಗಳು 15ರೊಳಗೆ ಹಿಂದಿನ ತಿಂಗಳ ವಂತಿಗೆ ಕಟ್ಟಬೇಕು. ನೋಂದಾಯಿತ ಮೊಬೈಲಿನಿಂದ 9966044425ಕ್ಕೆ ಮಿಸ್ಡ್ ಕಾಲ್ ಕೊಟ್ಟರೆ ಕೊನೆಯ ಜಮಾ ಗೊತ್ತಾಗುತ್ತದೆ.

ಒಂದೇ ಕಡೆ ಏಳು ವರ್ಷ ಸೆಕ್ಯುರಿಟಿ ಕೆಲಸ, ಏಜೆನ್ಸಿ ಮೂರು. ಗ್ರಾಚ್ಯುಟಿ ಸಿಗುತ್ತದೆಯೇ? — ವಿರಾಜಪೇಟೆ

ಗ್ರಾಚ್ಯುಟಿಗೆ, ಅಂದರೆ ಕೆಲಸ ಬಿಡುವಾಗ ಸೇವೆಯ ವರ್ಷಗಳಿಗೆ ಸಿಗುವ ಇಡಿಗಂಟಿಗೆ, ಸಾಮಾನ್ಯವಾಗಿ ಒಬ್ಬ ಮಾಲೀಕನ ಬಳಿ ಐದು ವರ್ಷದ ನಿರಂತರ ಸೇವೆ ಬೇಕು. ಏಜೆನ್ಸಿ ಬದಲಾದಾಗ ಈ ಎಣಿಕೆ ತುಂಡಾಗುತ್ತದೆ. ಗುತ್ತಿಗೆ ಕಾರ್ಮಿಕರು ಅತಿ ಹೆಚ್ಚು ಕಳೆದುಕೊಳ್ಳುವುದು ಇಲ್ಲೇ. ಕೊನೆಯ ಮೂಲವೇತನ ಮತ್ತು ತುಟ್ಟಿಭತ್ಯೆ ಸೇರಿ 14,300 ಇದ್ದರೆ ವರ್ಷಕ್ಕೆ 8,250 ರೂಪಾಯಿಯ (15 ದಿನದ ವೇತನ, ತಿಂಗಳಿಗೆ 26 ದಿನದ ಲೆಕ್ಕ) ಬಾಬ್ತು ಇದು, ಸಣ್ಣದಲ್ಲ.

ಆದರೆ ಬೋರ್ಡಿನ ಹೆಸರು ನೋಡಿ ಕೈಬಿಡಬೇಡಿ. ಹೆಸರು ಬೇರೆಯಾದರೂ ಮಾಲೀಕ ಒಬ್ಬನೇ ಇರುವುದುಂಟು. ಪಿಎಫ್ ಪಾಸ್‌ಬುಕ್‌ನಲ್ಲಿ ಸಂಸ್ಥೆಯ ಕೋಡ್ ಹೋಲಿಸಿ. ಎರಡು ಅವಧಿಗೂ ಒಂದೇ ಕೋಡ್ ಇದ್ದು ನಡುವೆ ಸೇವೆ ತುಂಡಾಗಿಲ್ಲದಿದ್ದರೆ ಅದು ಒಂದೇ ಸೇವೆ ಎಂದು ವಾದಿಸಲು ಗಟ್ಟಿ ಆಧಾರ. ಐದು ವರ್ಷ ತುಂಬಿದ್ದರೆ ಕೆಲಸ ಬಿಟ್ಟ 30 ದಿನದೊಳಗೆ ಲಿಖಿತ ಅರ್ಜಿ ಕೊಡಿ.

ಏಜೆನ್ಸಿ ಬಂದು ಹೋಗುತ್ತದೆ, ನಾವು ಅಲ್ಲೇ ಇದ್ದೇವೆ. ಖಾಯಂ ಆಗುತ್ತೇವೆಯೇ? — ಸೋಮವಾರಪೇಟೆ

ಬರೀ ವರ್ಷಗಳ ಲೆಕ್ಕದಿಂದ ಆಗುವುದಿಲ್ಲ. ಗುತ್ತಿಗೆ ಪದ್ಧತಿ ರದ್ದಾದರೂ ಕಾರ್ಮಿಕರು ತಾನಾಗಿ ಖಾಯಂ ಆಗುವುದಿಲ್ಲವೆಂದು ಸುಪ್ರೀಂ ಕೋರ್ಟ್ 2001ರ ಉಕ್ಕು ಪ್ರಾಧಿಕಾರದ ಪ್ರಕರಣದಲ್ಲಿ ಹೇಳಿದೆ. ಗುತ್ತಿಗೆ ಬರೀ ಕಾಗದದ ನಾಟಕ ಎಂದು ಸಾಬೀತಾದರೆ ಮಾತು ಬೇರೆ. ರಜೆ ಮಂಜೂರು ಮಾಡುವವರು ಯಾರು, ಡ್ಯೂಟಿ ಪಟ್ಟಿ ಹಾಕುವವರು ಯಾರು, ನೋಟಿಸ್ ಕೊಡುವವರು ಯಾರು ಎಂಬ ಕಾಗದಗಳನ್ನು ಕೂಡಿಡಿ. ಹೊಸ ಏಜೆನ್ಸಿ ಹಳಬರನ್ನೇ ತೆಗೆದುಕೊಳ್ಳಬೇಕೆಂಬ ಷರತ್ತು ಕೆಲವು ಟೆಂಡರುಗಳಲ್ಲಿ ಇರುತ್ತದೆ. ನಿಮ್ಮದರಲ್ಲಿ ಇದೆಯೇ ಎಂದು ಟೆಂಡರ್ ದಾಖಲೆ ತೆಗೆಸಿ ನೋಡಿ. ಇಲ್ಲದಿದ್ದರೆ ಮುಂದಿನ ಟೆಂಡರ್ ಕರೆಯುವ ಮುಂಚೆಯೇ ಸೇರಿಸಲು ಕೇಳಿ.

ತೋಟದ ಲೈನ್ ಮನೆಯಲ್ಲಿದ್ದೇವೆ. ಆಳು ಒದಗಿಸುವ ಹಳೆ ಮೇಸ್ತ್ರಿ ಕೊಟ್ಟ ಮುಂಗಡವನ್ನು ಹೊಸ ಮೇಸ್ತ್ರಿ ತೀರಿಸಿದ್ದಾನಂತೆ. ಅದು ಮುರಿಯುವವರೆಗೆ ಬೇರೆ ತೋಟಕ್ಕೆ ಹೋಗಕೂಡದು ಅನ್ನುತ್ತಾನೆ. — ಸಿದ್ದಾಪುರ

ಸಾಲದ ಜೊತೆ ಆಳನ್ನೂ ಕೈ ಬದಲಿಸುವುದು ಗುತ್ತಿಗೆಯಲ್ಲ, ಜೀತ. 1976ರ ಜೀತ ಪದ್ಧತಿ ನಿರ್ಮೂಲನ ಕಾಯ್ದೆಯ ಪ್ರಕಾರ ಅಂಥ ಸಾಲ ರದ್ದು. ಮುಂಗಡ ತೆಗೆದುಕೊಳ್ಳುವುದೇ ತಪ್ಪಲ್ಲ. ಹಣ ಬಾಕಿಯಿದೆ ಎಂದು ಹೋಗಲು ಬಿಡದಿದ್ದರೆ, ಅಥವಾ ಅದೇ ನೆಪದಲ್ಲಿ ಕಡಿಮೆ ಕೂಲಿಗೆ ದುಡಿಸಿದರೆ ಅದು ಅಪರಾಧ. ಕನಿಷ್ಠ ವೇತನಕ್ಕಿಂತ ಕಡಿಮೆ ಕೊಡುವುದೂ ಬಲವಂತದ ದುಡಿಮೆಯೇ ಎಂದು 1982ರಲ್ಲಿ, ದೆಹಲಿಯ ಏಷ್ಯಾಡ್ (ಏಷ್ಯನ್ ಕ್ರೀಡಾಕೂಟ) ಕಾರ್ಮಿಕರ ಪ್ರಕರಣದಲ್ಲಿ, ಸುಪ್ರೀಂ ಕೋರ್ಟ್ ಹೇಳಿದೆ. ನ್ಯಾಯವಾದ ಮುಂಗಡವಿದ್ದರೂ ಎಲ್ಲ ಕಡಿತ ಸೇರಿ ಆ ಅವಧಿಯ ಕೂಲಿಯ ಅರ್ಧ ಮೀರುವಂತಿಲ್ಲ.

ತಹಶೀಲ್ದಾರರಿಗೋ ಮಡಿಕೇರಿಯ ಉಪವಿಭಾಗಾಧಿಕಾರಿಗೋ ದೂರು ಕೊಡಿ. ಎಷ್ಟು ಹಣ, ಯಾರಿಂದ, ಎಂದಿನಿಂದ ದುಡಿಯುತ್ತಿದ್ದೀರಿ, ವಾರದ ಬಟವಾಡೆ ಎಷ್ಟು ಎಂಬುದು ಅದರಲ್ಲಿರಲಿ. ಬರೆಯಲು ಬಾರದಿದ್ದರೆ 15100ಕ್ಕೆ ಕರೆ ಮಾಡಿ, ಕಾನೂನು ಸೇವೆಗಳ ಪ್ರಾಧಿಕಾರದ ವಕೀಲರು ಬರೆದುಕೊಡುತ್ತಾರೆ. ಮಹಿಳೆಯರಿಗೂ ಪರಿಶಿಷ್ಟ ಜಾತಿ, ಪಂಗಡದವರಿಗೂ ಇದು ಉಚಿತ, ಆದಾಯ ಕೇಳುವುದಿಲ್ಲ. ಮೇಸ್ತ್ರಿಯ ಮೇಲೆ ಮಾತ್ರ ಬರೆಯಬೇಡಿ, ತೋಟದ ಮಾಲೀಕರ ಹೆಸರೂ ಬೇಕು. ಮೇಸ್ತ್ರಿಯ ಮೂಲಕ ಬಂದವರೂ ತೋಟದ ಕಾರ್ಮಿಕರೇ ಎಂದು 1951ರ ತೋಟ ಕಾರ್ಮಿಕ ಕಾಯ್ದೆಯಿಂದಲೂ ಎಣಿಸಿಕೊಂಡು ಬಂದಿದ್ದಾರೆ.